ಅಕ್ಕಿ ಗಿರಣಿಗೆ ‘ಸಪ್ಲೈ ಚೈನ್’ (ಪೂರೈಕೆ ಸರಪಳಿ) ಸಾಫ್ಟ್‌ವೇರ್: ಕಾಲುವೆಯ ನೀರು ನಿಂತಾಗ, ಮಾರುಕಟ್ಟೆ ಕೆಟ್ಟಾಗ ಅದು ಕೈಹಿಡಿಯುತ್ತದೆಯೇ?

ಎಡದಂಡೆ ಗಿರಣಿ, ಕಾರಟಗಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕಾರಟಗಿಯಲ್ಲಿ ನಮ್ಮ ಮನೆತನದ ಮಧ್ಯಮ ಗಾತ್ರದ ಅಕ್ಕಿ ಗಿರಣಿಯಿದ್ದು, ಭತ್ತದ ಖರೀದಿ ಮತ್ತು ಲೆಕ್ಕಪತ್ರವನ್ನು ನಾನು ನೋಡಿಕೊಳ್ಳುತ್ತೇನೆ. ಭತ್ತ ಬರುವುದು ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಿಂದ, ಹೆಚ್ಚಿನದು ಕಮಿಷನ್ ಏಜೆಂಟರ ಮೂಲಕ. ಅಕ್ಕಿ ಹೋಗುವುದು ಬಹುಪಾಲು ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ, ಸ್ವಲ್ಪ ಭಾಗ ರಫ್ತುದಾರರಿಗೆ.

ಕಳೆದ ಕೆಲವು ವರ್ಷಗಳಲ್ಲಿ ಈ ವ್ಯವಹಾರಕ್ಕೆ ಒಂದರ ಹಿಂದೆ ಒಂದು ಪೆಟ್ಟು ಬಿದ್ದಿದೆ. ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಾಕಿದ 25 ಕೆ.ಜಿ.ವರೆಗಿನ ಅಕ್ಕಿಗೆ 2022ರ ಜುಲೈ 18ರಿಂದ ಶೇ 5 ಜಿಎಸ್‌ಟಿ ಬಂದಾಗ, ಚೀಲವನ್ನೇ 26 ಕೆ.ಜಿ.ಗೆ ಬದಲಾಯಿಸಿಕೊಂಡು ಸುಧಾರಿಸಿಕೊಂಡೆವು. 2023ರ ಜುಲೈ 20ರಂದು ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತು ನಿಂತಿತು. ಅದೇ ವರ್ಷ ಬರ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ನೀರು ಹರಿದುಹೋಗತೊಡಗಿದಾಗ, ಬೆಲೆ ಏರುತ್ತದೆಂದು ಹಳೆಯ ಭತ್ತ ಇಟ್ಟುಕೊಂಡವರು ಮರುದಿನವೇ ಫೋನ್ ಎತ್ತುವುದನ್ನು ನಿಲ್ಲಿಸಿದರು. ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆಯಾಗಿ ಸ್ಟಾಪ್ ಲಾಗ್ ಕೂರಿಸಿದ್ದೂ ಆಯಿತು, ನಂತರದ ಮಳೆಗೆ ಜಲಾಶಯ ತುಂಬಿದ್ದೂ ಆಯಿತು. ಆದರೆ ನಡುವಿನ ಆ ವಾರದಲ್ಲಿ ಏನು ಮಾಡಬೇಕೆಂದು ನಮಗೆ ತೋಚಲಿಲ್ಲ. 2025ರಲ್ಲಿ ಸಂಗ್ರಹವನ್ನೇ 80 ಟಿಎಂಸಿಗೆ ಮಿತಿಗೊಳಿಸಿದ್ದು ನಿಮಗೆಲ್ಲ ತಿಳಿದಿದೆ.

ಈಗ ಸಾಫ್ಟ್‌ವೇರ್ ಕಂಪನಿಯೊಂದರ ಪ್ರತಿನಿಧಿ ಬಂದು, ಗೋದಾಮಿಗೆ ಸೆನ್ಸರ್, ಲಾರಿಗಳಿಗೆ ಜಿಪಿಎಸ್, ಚೀಲದ ಮೂಲ ತಿಳಿಸುವ ಬ್ಲಾಕ್‌ಚೈನ್ (ಹಲವರು ಹಂಚಿಕೊಳ್ಳುವ, ಒಮ್ಮೆ ಬರೆದರೆ ಅಳಿಸಲಾಗದ ದಾಖಲೆ), ಬೇಡಿಕೆ ಮುನ್ಸೂಚಿಸುವ ಎಐ ಎಲ್ಲವನ್ನೂ ಒಟ್ಟಿಗೆ ಕೊಡುವುದಾಗಿ ಹೇಳುತ್ತಿದ್ದಾರೆ. ಅವರು ಹೇಳುವ ಬೆಲೆಗೆ ಬಣ್ಣಗೆಟ್ಟ ಕಾಳು ಬೇರ್ಪಡಿಸುವ ಹೊಸ ಸಾರ್ಟೆಕ್ಸ್ ಯಂತ್ರವೇ ಬರುತ್ತದೆ. ದೊಡ್ಡಪ್ಪನವರು ‘ಲೆಕ್ಕಕ್ಕೆ ಟ್ಯಾಲಿ ಇದೆಯಲ್ಲ, ಇನ್ನೇನು ಬೇಕು’ ಎನ್ನುತ್ತಾರೆ. ಇಂತಹ ಆಘಾತಗಳನ್ನು ತಾಳಿಕೊಳ್ಳುವ ಶಕ್ತಿ ನಮ್ಮಂಥ ಗಿರಣಿಗೆ ತಂತ್ರಜ್ಞಾನದಿಂದ ನಿಜವಾಗಿ ಬರುತ್ತದೆಯೇ? ಬರುವುದಾದರೆ ಯಾವುದನ್ನು ಮೊದಲು ಕೊಳ್ಳಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಕಚ್ಚಾಮಾಲು ಯೋಜನೆ, ತೋರಣಗಲ್ಲು:

ನಾನು ಉಕ್ಕಿನ ಉದ್ಯಮದಲ್ಲಿ ಅದಿರು ಮತ್ತು ಕಲ್ಲಿದ್ದಲಿನ ಪೂರೈಕೆ ಯೋಜನೆ ಮಾಡುವವನು. ಅಕ್ಕಿಯ ವ್ಯಾಪಾರ ನನಗೆ ಗೊತ್ತಿಲ್ಲ, ಆದರೆ ನಿಮ್ಮ ಪ್ರಶ್ನೆ ನಮಗೆ ಹೊಸದಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಈ ಭಾಗದ ಪ್ರತಿಯೊಂದು ಸ್ಪಾಂಜ್ ಐರನ್ (ಅದಿರಿನಿಂದ ತೆಗೆಯುವ ಕಬ್ಬಿಣ) ಘಟಕವೂ ಇದೇ ಪ್ರಶ್ನೆಯನ್ನು ಕೇಳಿಕೊಂಡಿತ್ತು.

ಸಾಫ್ಟ್‌ವೇರ್ ವಿಚಾರಕ್ಕೆ ಹೋಗುವ ಮೊದಲು ಎರಡು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ನಾಳೆಯಿಂದ ಒಂದು ಚೀಲ ಭತ್ತವೂ ಬರದಿದ್ದರೆ ಕೈಯಲ್ಲಿರುವ ದಾಸ್ತಾನಿನಿಂದ ಗಿರಣಿ ಎಷ್ಟು ದಿನ ನಡೆಯುತ್ತದೆ ಎಂಬುದು ಮೊದಲನೆಯದು. ಬೇರೆ ಮೂಲವನ್ನು ಹುಡುಕಿ, ಗುಣಮಟ್ಟ ನೋಡಿ, ಹಣ ಹೊಂದಿಸಿ, ಮೊದಲ ಲಾರಿ ನಿಮ್ಮ ತೂಕದ ಸೇತುವೆಯ (ವೇಬ್ರಿಜ್) ಮೇಲೆ ನಿಲ್ಲಲು ಎಷ್ಟು ದಿನ ಬೇಕು ಎಂಬುದು ಎರಡನೆಯದು. ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದಿದ್ದರೆ ನೀವು ತಾಳಿಕೊಳ್ಳುತ್ತೀರಿ, ಚಿಕ್ಕದಿದ್ದರೆ ಇಲ್ಲ. ಯಾವ ತಂತ್ರಜ್ಞಾನವಾದರೂ ಈ ಎರಡರಲ್ಲಿ ಒಂದನ್ನು ಬದಲಾಯಿಸಬೇಕು, ಇಲ್ಲವೇ ಆಘಾತದ ಸುದ್ದಿಯನ್ನು ನೀವು ಏನಾದರೂ ಮಾಡಬಹುದಾದಷ್ಟು ಮುಂಚಿತವಾಗಿ ತಲುಪಿಸಬೇಕು. ಮೂರರಲ್ಲಿ ಒಂದನ್ನೂ ಮಾಡದ ಸಾಧನವು ಕಚೇರಿಯ ಗೋಡೆಗೆ ಶೋಭೆ, ಅಷ್ಟೆ.

ಎರಡನೆಯ ಮಾತು, ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ನಿಮಗೆ ಎಂಟು ಹತ್ತು ಏಜೆಂಟರಿರಬಹುದು. ಪುಸ್ತಕದಲ್ಲಿ ನೋಡಿದರೆ ಅವರೆಲ್ಲ ಬೇರೆ ಬೇರೆ ಪೂರೈಕೆದಾರರು. ಆದರೆ ಅವರೆಲ್ಲರ ಭತ್ತವೂ ಒಂದೇ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದಿದ್ದರೆ, ಪೂರೈಕೆದಾರರು ಹತ್ತು ಮಂದಿಯಾದರೂ ಮೂಲ ಒಂದೇ. 2011ರ ಮಾರ್ಚ್‌ನಲ್ಲಿ ಜಪಾನಿನ ಭೂಕಂಪವಾದಾಗ ಟೊಯೊಟಾ ಕಂಪನಿಗೆ ಆದದ್ದು ಇದೇ. ತನ್ನ ನೇರ ಪೂರೈಕೆದಾರರು ಯಾರೆಂಬುದು ಅದಕ್ಕೆ ಚೆನ್ನಾಗಿ ಗೊತ್ತಿತ್ತು, ಆದರೆ ಆ ಪೂರೈಕೆದಾರರ ಹಿಂದಿನ ಪೂರೈಕೆದಾರರಲ್ಲಿ ಅನೇಕರು ಒಂದೇ ಕಾರ್ಖಾನೆಯ ಚಿಪ್‌ಗಳನ್ನು ನೆಚ್ಚಿಕೊಂಡಿದ್ದರು ಎಂಬುದು ರೆನೆಸಾಸ್ ಕಂಪನಿಯ ನಾಕಾ ಕಾರ್ಖಾನೆ ನಿಂತ ಮೇಲೆ ಬೆಳಕಿಗೆ ಬಂತು. ಆಮೇಲೆ ಟೊಯೊಟಾ, ಯಾವ ಬಿಡಿಭಾಗ ಯಾವ ಊರಿನ ಯಾವ ಘಟಕದಿಂದ ಬರುತ್ತದೆ ಎಂಬುದರ ದತ್ತಾಂಶ ಕೋಶವನ್ನು ಕಟ್ಟಿತು ಮತ್ತು ಎರಡರಿಂದ ಆರು ತಿಂಗಳಿಗೆ ಆಗುವಷ್ಟು ಚಿಪ್‌ಗಳನ್ನು ಇಟ್ಟುಕೊಳ್ಳುವಂತೆ ಪೂರೈಕೆದಾರರಿಗೆ ಹೇಳಿತು. 2021ರ ಆರಂಭದಲ್ಲಿ ಚಿಪ್ ಕೊರತೆಯಿಂದ ಬೇರೆ ಕಾರು ಕಂಪನಿಗಳು ಉತ್ಪಾದನೆ ಕಡಿತಗೊಳಿಸಿದಾಗ ಅದು ಹೆಚ್ಚು ಕಾಲ ನಿಭಾಯಿಸಿಕೊಂಡದ್ದು ಇದರಿಂದ. ಗಮನಿಸಿ, ದತ್ತಾಂಶ ಕೋಶವೊಂದೇ ಅದನ್ನು ಉಳಿಸಲಿಲ್ಲ, ಉಳಿಸಿದ್ದು ದಾಸ್ತಾನು. ಯಾವುದರ ದಾಸ್ತಾನು ಬೇಕು ಎಂಬುದನ್ನು ದತ್ತಾಂಶ ಹೇಳಿಕೊಟ್ಟಿತು.

ಹಾಗಾಗಿ ನಿಮ್ಮ ತೂಕದ ಚೀಟಿಯಿಂದಲೇ ಆರಂಭಿಸಿ. ಅದರಲ್ಲಿ ಲಾರಿ ಸಂಖ್ಯೆ, ಚೀಲಗಳ ಸಂಖ್ಯೆ, ತೂಕ, ತೇವಾಂಶ, ಏಜೆಂಟರ ಹೆಸರು ಇರುತ್ತದೆ ಎಂದುಕೊಂಡಿದ್ದೇನೆ. ಭತ್ತ ಬೆಳೆದ ಊರು ಮತ್ತು ಉಪಕಾಲುವೆಯ ಸಂಖ್ಯೆ ಇರುತ್ತದೆಯೇ? ಈ ಎರಡು ಕಾಲಂಗಳನ್ನು ಒಂದು ಹಂಗಾಮು ತುಂಬಿಸಿದರೆ, ನಿಮ್ಮ ಭತ್ತದಲ್ಲಿ ಎಷ್ಟು ಪಾಲು ಕಾಲುವೆಯ ಕೊನೆಯ ಭಾಗದ್ದು, ಅಂದರೆ ನೀರು ಕಡಿಮೆಯಾದಾಗ ಮೊದಲು ಕೈತಪ್ಪುವ ಪಾಲು ಎಷ್ಟು ಎಂಬುದು ಕಣ್ಣಿಗೆ ಕಾಣುತ್ತದೆ. ಇದಕ್ಕೆ ಬ್ಲಾಕ್‌ಚೈನ್ ಬೇಕಿಲ್ಲ.

ಬದಲಿ ಮೂಲವನ್ನು ಆರಿಸುವಾಗಲೂ ಇದೇ ಲೆಕ್ಕ ಅನ್ವಯಿಸುತ್ತದೆ. ದೇವದುರ್ಗ, ಸುರಪುರ, ಶಹಾಪುರ ಕಡೆಯ ಭತ್ತ ನಾರಾಯಣಪುರ ಜಲಾಶಯದ ಕೃಷ್ಣೆಯ ನೀರಿನದು. ಗೇಟ್ ಮುರಿದಂತಹ ಆಘಾತ ಒಂದು ಜಲಾಶಯಕ್ಕೆ ಮಾತ್ರ ತಗಲುವುದರಿಂದ ಅಲ್ಲಿನ ಇಬ್ಬರು ವರ್ತಕರೊಂದಿಗೆ ಸಣ್ಣ ಪ್ರಮಾಣದಲ್ಲಾದರೂ ಪ್ರತಿ ವರ್ಷ ವ್ಯವಹಾರ ಇಟ್ಟುಕೊಂಡರೆ ಕಷ್ಟಕಾಲದಲ್ಲಿ ಅವರು ಫೋನ್ ಎತ್ತುತ್ತಾರೆ. ಆದರೆ 2023ರಂತಹ ಬರದ ವರ್ಷದಲ್ಲಿ ಎರಡೂ ಕಣಿವೆಗಳು ಒಟ್ಟಿಗೆ ಸೊರಗಬಹುದು. ಆಗ ದಾಸ್ತಾನು ಬಿಟ್ಟು ಬೇರೆ ದಾರಿಯಿಲ್ಲ.

ಗೋದಾಮು ಮತ್ತು ಸಾಲ, ಸಿಂಧನೂರು:

ಮೇಲಿನವರು ‘ದಾಸ್ತಾನು’ ಎಂದು ಸಲೀಸಾಗಿ ಹೇಳಿಬಿಟ್ಟರು. ಗಿರಣಿಯವರಿಗೆ ದಾಸ್ತಾನು ಎಂದರೆ ಕಟ್ಟಿಹಾಕಿದ ಹಣ, ಅದರ ಮೇಲೆ ಓಡುವ ಬಡ್ಡಿ. ಕಚ್ಚಾಮಾಲು ಕೊಳ್ಳಲು ದೊಡ್ಡ ಕಾರ್ಖಾನೆಗೆ ಸಿಗುವ ಸಾಲದ ಮಿತಿ ಕಾರಟಗಿಯ ಗಿರಣಿಗೆ ಸಿಗುವುದಿಲ್ಲ. ಆದರೂ ಈ ವ್ಯಾಪಾರಕ್ಕೆ ಒಂದು ಅನುಕೂಲವಿದೆ: ಸೋನಾ ಮಸೂರಿ ಭತ್ತ ಹಳೆಯದಾದಷ್ಟೂ ಅನ್ನ ಉದುರುದುರಾಗಿ ಆಗುವುದರಿಂದ ಹಳೆ ಅಕ್ಕಿಗೆ ಹೆಚ್ಚು ಬೆಲೆಯಿದೆ. ಆದ್ದರಿಂದ ನೀವು ಇಟ್ಟುಕೊಳ್ಳುವ ರಕ್ಷಣಾ ದಾಸ್ತಾನು ಪೂರ್ತಿ ಖರ್ಚಿನ ಬಾಬತ್ತಲ್ಲ.

ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಡಿಜಿಟಲ್ ಸಾಧನವನ್ನು ನಿಮ್ಮ ಬಳಿ ಬಂದ ಪ್ರತಿನಿಧಿ ಹೇಳಿಯೇ ಇಲ್ಲ, ಏಕೆಂದರೆ ಅದರಲ್ಲಿ ಅವರಿಗೆ ಲಾಭವಿಲ್ಲ. ಉಗ್ರಾಣ ಅಭಿವೃದ್ಧಿ ಮತ್ತು ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಾಯಿತವಾದ ಗೋದಾಮಿನಲ್ಲಿ ಭತ್ತವನ್ನಿಟ್ಟರೆ ಎಲೆಕ್ಟ್ರಾನಿಕ್ ಉಗ್ರಾಣ ರಸೀದಿ ದೊರೆಯುತ್ತದೆ. 2007ರ ಕಾಯ್ದೆಯಡಿ ಇದ್ದ ಕಾಗದದ ರಸೀದಿಗೆ ಬದಲಾಗಿ 2017ರಲ್ಲಿ ಇದು ಬಂತು. ಷೇರುಗಳು ಡಿಮ್ಯಾಟ್ ಖಾತೆಯಲ್ಲಿ ಇರುವಂತೆ ಈ ರಸೀದಿಯೂ ಖಾತೆಯಲ್ಲಿ ಇರುತ್ತದೆ. ಬ್ಯಾಂಕಿಗೆ ಅಡವಿಟ್ಟರೆ ಅಡವಿನ ಗುರುತು ಅದರಲ್ಲಿಯೇ ದಾಖಲಾಗುವುದರಿಂದ ಒಂದೇ ಭತ್ತದ ಮೇಲೆ ಇಬ್ಬರ ಬಳಿ ಸಾಲ ಎತ್ತುವ ಹಳೆಯ ಆಟ ನಡೆಯುವುದಿಲ್ಲ. ಬ್ಯಾಂಕಿನವರು ನಂಬಿ ಸಾಲ ಕೊಡುವುದೂ ಇದಕ್ಕೇ. ಹೀಗೆ ಬಂದ ಹಣದಿಂದ ಮುಂದಿನ ಖರೀದಿ ನಡೆಸಬಹುದು, ಭತ್ತವೂ ಕೈಬಿಟ್ಟು ಹೋಗುವುದಿಲ್ಲ. ನಿಮ್ಮ ‘ತಾಳುವ ದಿನಗಳು’ ಹೆಚ್ಚುವುದು ಹೀಗೆ. ಗೋದಾಮು ನೋಂದಾಯಿತವೇ, ನೋಂದಣಿಯ ಅವಧಿ ಮುಗಿದಿಲ್ಲವೇ ಎಂಬುದನ್ನು ಮಾತ್ರ ಮೊದಲೇ ಕೇಳಿ ತಿಳಿದುಕೊಳ್ಳಿ.

ಸೆನ್ಸರ್‌ಗಳ ಬಗ್ಗೆ: ಕೊಯ್ಲು ಯಂತ್ರದಿಂದ ನೇರ ಬಂದ ಭತ್ತದ ತೇವಾಂಶ ಶೇ 20 ದಾಟಿರುವುದು ಸಾಮಾನ್ಯ. ಅದನ್ನು ಶೇ 14ರ ಕೆಳಗೆ ಇಳಿಸದೆ ಚೀಲಗಳನ್ನು ನಿಟ್ಟಾಗಿ ಒಂದರ ಮೇಲೊಂದು ಒಟ್ಟಿದರೆ ಒಳಗೆ ಬಿಸಿಯೇರಿ ಕಾಳು ಹಳದಿಯಾಗುತ್ತದೆ, ಹೊರಗಿನ ಸಾಲಿನ ಚೀಲ ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ. ನಿಟ್ಟಿನ ನಡುವೆ ಇಡುವ ಉಷ್ಣಾಂಶ ಸೆನ್ಸರ್ ಇದನ್ನು ಮೊದಲೇ ಹೇಳುತ್ತದೆ. ಆರು ತಿಂಗಳು, ವರ್ಷ ಇಡುವ ಭತ್ತಕ್ಕೆ ಇದು ಬೇಕು. ವಾರದಲ್ಲಿ ಗಿರಣಿಗೆ ಹಾಕುವ ಭತ್ತಕ್ಕೆ ಬೇಡ.

ಲಾರಿ ಬುಕಿಂಗ್, ಬಳ್ಳಾರಿ:

ಜಿಪಿಎಸ್‌ಗೆ ಬೇರೆ ದುಡ್ಡು ಕೊಡಬೇಡಿ. ಅನೇಕ ಲಾರಿ ಮಾಲೀಕರು ಈಗಾಗಲೇ ಹಾಕಿಸಿಕೊಂಡಿದ್ದಾರೆ, ಕೇಳಿದರೆ ಲಿಂಕ್ ಕಳಿಸುತ್ತಾರೆ. ಲಾರಿ ಹಿರಿಯೂರಿನಲ್ಲಿ ನಿಂತಿದೆ ಎಂದು ನಕ್ಷೆಯಲ್ಲಿ ಕಂಡರೆ ನೀವು ಮಾಡುವುದು ಚಾಲಕರಿಗೆ ಫೋನ್ ಮಾಡುವುದೇ ತಾನೆ. ಬಾಡಿಗೆಯನ್ನು ತಿಂಗಳುಗಟ್ಟಲೆ ಉಳಿಸಿಕೊಳ್ಳದೆ ಸಕಾಲದಲ್ಲಿ ಕೊಡುವ ಗಿರಣಿಗೆ, ಸುಗ್ಗಿಯಲ್ಲಿ ಎಲ್ಲರೂ ಗಾಡಿಗಾಗಿ ಪರದಾಡುವಾಗಲೂ ಗಾಡಿ ಸಿಗುತ್ತದೆ.

ಎಡದಂಡೆ ಗಿರಣಿ, ಕಾರಟಗಿ:

ಎಲ್ಲರಿಗೂ ಧನ್ಯವಾದಗಳು. ಚೀಟಿಯಲ್ಲಿ ಊರಿನ ಹೆಸರು ಇರುವುದಿಲ್ಲ ಎಂಬುದು ನಿಜ. ಏಜೆಂಟರು ಅದನ್ನು ಬೇಕೆಂದೇ ಹೇಳುವುದಿಲ್ಲ, ಹೇಳಿದರೆ ನಾವು ನೇರವಾಗಿ ರೈತರ ಬಳಿ ಹೋಗುತ್ತೇವೆ ಎಂಬ ಅಳುಕು ಅವರಿಗೆ. ಇನ್ನೆರಡು ಸಂಶಯಗಳಿವೆ. ಎಐ ಮುನ್ಸೂಚನೆಯಿಂದ ರಫ್ತು ನಿಷೇಧ, ನೀರಿನ ನಿಲುಗಡೆ ಇವುಗಳನ್ನು ಮೊದಲೇ ತಿಳಿಯಲು ಸಾಧ್ಯವೇ? ಮತ್ತು ಎಲ್ಲ ಲೆಕ್ಕವನ್ನೂ ಕಂಪನಿಯ ಕ್ಲೌಡ್‌ನಲ್ಲಿ (ಇಂಟರ್ನೆಟ್ ಮೂಲಕ ಬಳಸುವ ಅವರ ಸರ್ವರ್‌ಗಳಲ್ಲಿ) ಇಡಬೇಕು ಎನ್ನುತ್ತಾರೆ. ಅದು ಸುರಕ್ಷಿತವೇ?

ಸರ್ವರ್ ನಿರ್ವಹಣೆ, ರಾಯಚೂರು:

ಮೊದಲ ಸಂಶಯಕ್ಕೆ: ಮುನ್ಸೂಚನೆಯ ಸಾಫ್ಟ್‌ವೇರ್ ಹಿಂದಿನ ಮಾರಾಟದಿಂದ ಕಲಿಯುತ್ತದೆ. ಹಬ್ಬದ ತಿಂಗಳಲ್ಲಿ ಬೇಡಿಕೆ ಎಷ್ಟು ಏರುತ್ತದೆ ಎಂಬುದನ್ನು ಅದು ಹೇಳಬಲ್ಲದು. ದೆಹಲಿಯಲ್ಲಿ ರಾತ್ರಿ ಹೊರಡುವ ಅಧಿಸೂಚನೆಯನ್ನಾಗಲಿ, ತುಂಡಾಗಲಿರುವ ಚೈನನ್ನಾಗಲಿ ಹೇಳಲಾರದು. ಅಷ್ಟೇ ಅಲ್ಲ, ಗಾಬರಿಯ ದಿನಗಳಲ್ಲಿ ಯಶವಂತಪುರದ ವರ್ತಕರು ಬೇಕಾದುದಕ್ಕಿಂತ ದುಪ್ಪಟ್ಟು ಆರ್ಡರ್ ಹಾಕುತ್ತಾರೆ, ಆಮೇಲೆ ಅರ್ಧ ರದ್ದು ಮಾಡುತ್ತಾರೆ. ಆ ಆರ್ಡರುಗಳನ್ನೇ ನಿಜವಾದ ಬೇಡಿಕೆ ಎಂದು ನಂಬಿದ ಸಾಫ್ಟ್‌ವೇರ್ ನಿಮ್ಮಿಂದ ದುಬಾರಿ ಭತ್ತ ಕೊಳ್ಳಿಸುತ್ತದೆ. ವರ್ತಕರ ಅಂಗಡಿಯಿಂದ ವಾರಕ್ಕೆ ಎಷ್ಟು ಚೀಲ ನಿಜವಾಗಿ ಹೊರಹೋಯಿತು ಎಂದು ಅವರಿಂದಲೇ ವಾಟ್ಸ್‌ಆ್ಯಪ್‌ನಲ್ಲಿ ತಿಳಿದುಕೊಳ್ಳುವುದು ಅದಕ್ಕಿಂತ ಉತ್ತಮ ಮಾಹಿತಿ. ನೀರಿನ ಸುದ್ದಿಗೆ ಎಐ ಬೇಡ: ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಪ್ರತಿದಿನ ಪ್ರಕಟವಾಗುತ್ತವೆ. ಅದನ್ನು ಹಿಂದಿನ ವರ್ಷಗಳ ಅದೇ ದಿನಾಂಕದ ಮಟ್ಟದೊಂದಿಗೆ ಹೋಲಿಸುತ್ತ ಬಂದರೆ, ಎರಡನೇ ಬೆಳೆಗೆ ಕಾಲುವೆ ನೀರು ಬಿಡುವ ಕುರಿತು ನೀರಾವರಿ ಸಲಹಾ ಸಮಿತಿ ಸಭೆ ಸೇರುವ ವೇಳೆಗೆ ತೀರ್ಮಾನ ಏನಿರಬಹುದೆಂಬ ಅಂದಾಜು ನಿಮಗೆ ಸಿಕ್ಕಿರುತ್ತದೆ.

ಬ್ಲಾಕ್‌ಚೈನ್ ಬಗ್ಗೆ ಒಂದೇ ಮಾತು. ಹಡಗು ಸಾಗಣೆಯ ದೈತ್ಯ ಮರ್ಸ್ಕ್ ಮತ್ತು ಐಬಿಎಂ ಸೇರಿ ಸರಕಿನ ದಾಖಲೆಗಳಿಗಾಗಿ ಬ್ಲಾಕ್‌ಚೈನ್ ಮೇಲೆ ಕಟ್ಟಿದ ಟ್ರೇಡ್‌ಲೆನ್ಸ್ ವ್ಯವಸ್ಥೆಯನ್ನು ಮುಚ್ಚುವುದಾಗಿ 2022ರಲ್ಲಿ ಘೋಷಿಸಬೇಕಾಯಿತು. ತಂತ್ರಜ್ಞಾನ ಕೈಕೊಟ್ಟು ಹಾಗಾಗಲಿಲ್ಲ, ಇಡೀ ಉದ್ಯಮ ಅದರೊಳಗೆ ಬರಲಿಲ್ಲ. ನಿಮ್ಮ ಏಜೆಂಟರು ಊರಿನ ಹೆಸರನ್ನೇ ಹೇಳದಿರುವಾಗ ಅದನ್ನು ಅಳಿಸಲಾಗದಂತೆ ಬರೆದಿಡುವ ಯಂತ್ರದಿಂದ ಪ್ರಯೋಜನವೇನು? ಊರಿನ ಹೆಸರು ಬರೆಸಿದ ಲಾರಿಗೆ ಎರಡು ದಿನ ಮೊದಲೇ ಹಣ ಪಾವತಿ ಎಂದು ಘೋಷಿಸಿ ನೋಡಿ.

ಕ್ಲೌಡ್ ವಿಷಯಕ್ಕೆ ಅದೇ ಮರ್ಸ್ಕ್ ಕಂಪನಿಯ ಇನ್ನೊಂದು ಪ್ರಸಂಗ ಹೇಳಬೇಕು. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ವೈರಸ್ ದಾಳಿಯಿಂದ ಅದರ ಕಂಪ್ಯೂಟರುಗಳು ಜಗತ್ತಿನಾದ್ಯಂತ ಸತ್ತವು. ಬಂದರುಗಳ ಗೇಟಿನಲ್ಲಿ ಲಾರಿಗಳು ಸಾಲುಗಟ್ಟಿದವು; ಯಾವ ಕಂಟೇನರಿನಲ್ಲಿ ಏನಿದೆ ಎಂದು ಹೇಳುವವರಿರಲಿಲ್ಲ. ಸುಮಾರು 4,000 ಸರ್ವರ್‌ಗಳನ್ನೂ 45,000 ಕಂಪ್ಯೂಟರುಗಳನ್ನೂ ಹತ್ತು ದಿನಗಳಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಇಡೀ ಜಾಲದ ಬಳಕೆದಾರರ ಪಟ್ಟಿ ಇಟ್ಟುಕೊಳ್ಳುವ ಸರ್ವರ್‌ಗಳಲ್ಲಿ ಕೆಡದೆ ಉಳಿದದ್ದು ಘಾನಾ ದೇಶದ ಕಚೇರಿಯ ಒಂದು ಮಾತ್ರ, ಅದೂ ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ಅದು ಜಾಲದಿಂದ ಕಡಿದುಹೋಗಿದ್ದರಿಂದ. ಬೇಸಿಗೆಯ ರಾಯಚೂರಿನಲ್ಲಿ ಕೂತು ಕರೆಂಟ್ ಹೋಗಿದ್ದಕ್ಕೆ ಸಂತೋಷಪಟ್ಟವರ ಕಥೆ ಓದುವುದು ವಿಚಿತ್ರವೇ ಸರಿ, ಆದರೆ ಅದರ ಅರ್ಥ ಸ್ಪಷ್ಟ: ಜಾಲಕ್ಕೆ ಸೇರದ ಒಂದು ಪ್ರತಿ ಎಲ್ಲಾದರೂ ಇರಬೇಕು.

ಕ್ಲೌಡ್ ಇಟ್ಟುಕೊಳ್ಳಿ, ಗಿರಣಿಯ ಧೂಳಿನಲ್ಲಿರುವ ಕಂಪ್ಯೂಟರಿಗಿಂತ ಅದು ಸುರಕ್ಷಿತವೇ. ಆದರೆ ವಾರಕ್ಕೊಮ್ಮೆ ಪೂರ್ತಿ ದತ್ತಾಂಶವನ್ನು ಎಕ್ಸೆಲ್ ರೂಪದಲ್ಲಿ ಹಾರ್ಡ್ ಡಿಸ್ಕಿಗೆ ಇಳಿಸಿ, ಡಿಸ್ಕನ್ನು ಕಂಪ್ಯೂಟರಿನಿಂದ ತೆಗೆದು ಮನೆಯ ಬೀರುವಿನಲ್ಲಿಡಿ. ತೂಕದ ಸೇತುವೆಯಲ್ಲಿ ನಕಲು ಪ್ರತಿಯಿರುವ ಕಾಗದದ ಚೀಟಿ ಪುಸ್ತಕವನ್ನು ನಿಲ್ಲಿಸಬೇಡಿ. ಸುಗ್ಗಿಗೆ ಮುನ್ನ ಒಂದು ದಿನ ಬೇಕೆಂದೇ ಕಂಪ್ಯೂಟರ್ ಆರಿಸಿ, ಆ ಪುಸ್ತಕದಿಂದಲೇ ಲಾರಿಗಳನ್ನು ಒಳಗೆ ಬಿಟ್ಟು ನೋಡಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಆ ಪ್ರತಿನಿಧಿಯನ್ನು ಇದೊಂದನ್ನು ಲಿಖಿತವಾಗಿ ಕೇಳಿ: ನಾವು ಚಂದಾ ನಿಲ್ಲಿಸಿದರೆ, ಅಥವಾ ನಿಮ್ಮ ಕಂಪನಿ ಮುಚ್ಚಿದರೆ, ನಮ್ಮ ದತ್ತಾಂಶ ಯಾವ ರೂಪದಲ್ಲಿ, ಎಷ್ಟು ದಿನಗಳಲ್ಲಿ ನಮ್ಮ ಕೈಗೆ ಬರುತ್ತದೆ? ಇದಕ್ಕೆ ನೇರ ಉತ್ತರ ಬಾರದಿದ್ದರೆ ಸಾರ್ಟೆಕ್ಸ್ ಯಂತ್ರವನ್ನೇ ಕೊಳ್ಳಿ.