ನಿಬಾಲಿಯ 2014ರ ಟೂರ್ ಡಿ ಫ್ರಾನ್ಸ್ ಗೆಲುವು ಬರೀ ಅದೃಷ್ಟವಾ? ಆಗುಂಬೆ ಇಳಿಯುವವರಿಗೆ ಅವನಿಂದ ಕಲಿಯಲಿಕ್ಕೆ ಎಂತ ಉಂಟು?

ಮಲ್ಪೆ ಪೆಡಲ್
ಇಟಲಿಯ ಸೈಕಲ್ ರೇಸರ್ ವಿನ್ಚೆಂಜೊ ನಿಬಾಲಿ ಹೆಸರು ತೆಗೆದರೆ ಉಡುಪಿ ಕಡೆಯ ರೈಡ್‌ಗಳಲ್ಲಿ ಒಂದೇ ಮಾತು: "ಫ್ರೂಮ್, ಕಾಂಟಡೋರ್ ಇಬ್ಬರೂ ಬಿದ್ದು ಮನೆಗೆ ಹೋದರು, ಇವನಿಗೆ ಟೂರ್ ಸಿಕ್ಕಿತು." ಅಷ್ಟೇ ಹೌದಾ? ಇನ್ನೊಂದು, ಅವನು ಇಳಿಜಾರಲ್ಲಿ ಹೋಗುವ ವಿಡಿಯೋ ನೋಡಿ ಆಗುಂಬೆಯ 14 ತಿರುವಲ್ಲಿ ಹಾಗೇ ಇಳಿಯಲು ಹೊರಟವರೂ ಇದ್ದಾರೆ. ಮಳೆ ಬೇರೆ ಶುರುವಾಗಿದೆ. ಅವನ ಪದ್ಧತಿಯಲ್ಲಿ ನಮಗೆ ಹೊಂದುವುದು ಯಾವುದು, ಬಿಡಬೇಕಾದ್ದು ಯಾವುದು? ಸೈಕಲ್: ಅಲ್ಯೂಮಿನಿಯಂ ರಿಮ್, ರಿಮ್ ಬ್ರೇಕ್, 25 ಎಂಎಂ ಟೈರ್, ಟ್ಯೂಬ್ ಇರುವಂಥದ್ದು. ಸವಾರನ ತೂಕ 72 ಕಿಲೋ.

ಘಾಟಿಗಾಳಿ
ಅದೃಷ್ಟ ಎನ್ನುವವರು ದಿನಾಂಕ ನೋಡುವುದಿಲ್ಲ ಮಾರಾಯ್ರೆ. ಎರಡನೇ ಹಂತದಲ್ಲಿ, ಶೆಫೀಲ್ಡ್‌ನಲ್ಲಿ, ಫ್ರೂಮ್ ಮತ್ತು ಕಾಂಟಡೋರ್ ಇಬ್ಬರೂ ಪಕ್ಕದಲ್ಲೇ ಇದ್ದಾಗ ಕೊನೆಯ ಎರಡು ಕಿಲೋಮೀಟರಲ್ಲಿ ಹೊರಟು 2 ಸೆಕೆಂಡಿನಿಂದ ಗೆದ್ದು ಹಳದಿ ಜೆರ್ಸಿ (ಒಟ್ಟು ಸಮಯದಲ್ಲಿ ಮುಂದಿರುವವನದ್ದು) ಹಾಕಿದವನು ಅವನು. ಆಮೇಲೆ ಐದನೇ ಹಂತ: ಮಳೆ, ಕಲ್ಲುಹಾಸಿನ ರಸ್ತೆ, ಆರೆನ್‌ಬರ್ಗ್. ಅದನ್ನೂ ಗೆದ್ದ. ಫ್ರೂಮ್ ಅಲ್ಲಿ ಕಲ್ಲಿನ ಮೇಲೆ ಜಾರಿ ಹೊರಗೆ ಹೋದ. ಕಾಂಟಡೋರ್ ಎರಡೂವರೆ ನಿಮಿಷದಷ್ಟು ಕಳಕೊಂಡ. ಹತ್ತನೇ ಹಂತದಲ್ಲಿ ಕಾಂಟಡೋರ್ ಬಿದ್ದದ್ದು ಇಷ್ಟೆಲ್ಲ ಆದ ಮೇಲೆ.

ಸಾಣೂರು ಸ್ಪೋಕ್
ಎರಡು ತಿದ್ದುಪಡಿ. ಆರೆನ್‌ಬರ್ಗ್ ಗೆದ್ದವನು ಲಾರ್ಸ್ ಬೂಮ್. ನಿಬಾಲಿ ಮೂರನೆಯವನಾಗಿ 19 ಸೆಕೆಂಡ್ ಹಿಂದೆ ಬಂದ, ಅವನ ಅಸ್ತಾನಾ ತಂಡದ ಫುಗ್ಲ್‌ಸಾಂಗ್ ಎರಡನೆಯವ. ಫ್ರೂಮ್ ಬಿದ್ದದ್ದು ಕಲ್ಲುಹಾಸು ಬರುವುದಕ್ಕೆ ಮೊದಲೇ, ಮಾಮೂಲಿ ಡಾಂಬರಿನ ಮೇಲೆ. ಹಿಂದಿನ ದಿನವೂ ಬಿದ್ದಿದ್ದ.

ಒಟ್ಟು ಗೆಲುವಿನ ಅಂತರ 7 ನಿಮಿಷ 37 ಸೆಕೆಂಡ್, ಎರಡನೆಯವನು ಪೆರೋ. ಗೆದ್ದ ನಾಲ್ಕು ಹಂತಗಳಲ್ಲಿ ಮೂರು (ಪ್ಲಾಂಶ್ ದೆ ಬೆಲ್ ಫೀಯ್, ಶಾಂರೂಸ್, ಓತಾಕಾಂ) ಏರಿನ ತುದಿಯಲ್ಲಿ ಮುಗಿಯುವಂಥವು. ಅಂದರೆ ಇಳಿಯಲಿಕ್ಕೆ ಮಾತ್ರ ಗೊತ್ತಿದ್ದವನು ಎಂಬುದೂ ತಪ್ಪು.

ಆದರೆ ಇಳಿಜಾರು ಅವನ ಬತ್ತಳಿಕೆಯ ದೊಡ್ಡ ಬಾಣ ಎಂಬುದು ಹೌದು. 2015ರ ಲೊಂಬಾರ್ಡಿಯಾ ಎಂಬ ಇಟಲಿಯ ಒಂದು ದಿನದ ಓಟದಲ್ಲಿ ಚಿವಿಲ್ಯೋ ಗುಡ್ಡ ಇಳಿಯುವಾಗ ಹೊರಟು ಕೋಮೋಗೆ ಒಬ್ಬನೇ ಬಂದ. 2017ರಲ್ಲಿ ಪಿನೋ ಎಂಬ ಫ್ರೆಂಚ್ ಸವಾರನನ್ನು ಅದೇ ಇಳಿಜಾರಲ್ಲಿ ಬಿಟ್ಟುಹೋದ. 2018ರ ಮಿಲಾನ್–ಸಾನ್ ರೆಮೋದಲ್ಲಿ, 290 ಕಿಲೋಮೀಟರ್ ದಾಟುವ ಓಟದಲ್ಲಿ, ಪೊಜ್ಜೋ ಏರಲ್ಲಿ ಹೊರಟ. ಆ ಏರು 3.7 ಕಿಮೀ, ಸರಾಸರಿ ಶೇ. 4 ಕೂಡ ಇಲ್ಲ, ಅಲ್ಲಿ ದೊಡ್ಡ ಅಂತರ ಸಿಗುವುದಿಲ್ಲ. ಸಿಕ್ಕಿದ ಚೂರನ್ನು ಇಳಿಜಾರಲ್ಲಿ ಕಳಕೊಳ್ಳದೆ ಗುರಿಯವರೆಗೆ ಹೊತ್ತದ್ದು ಅವನ ಕೆಲಸ. 2016ರ ಜೀರೊದಲ್ಲಿ (ಟೂರ್‌ನಂಥದ್ದೇ ಇಟಲಿಯ ಮೂರು ವಾರದ ಓಟ) 19ನೇ ಹಂತಕ್ಕೆ ಮೊದಲು ನಾಲ್ಕನೇ ಸ್ಥಾನ, 4 ನಿಮಿಷ 43 ಸೆಕೆಂಡ್ ಹಿಂದೆ. ಆನ್ಯೆಲ್ಲೋ ಕಣಿವೆ ಇಳಿಯುವಾಗ ಮುಂಚೂಣಿಯ ಕ್ರೈಸ್‌ವೈಕ್ ಹಿಮದ ಗೋಡೆಗೆ ಗುದ್ದಿದ, ನಿಬಾಲಿ ಆ ಹಂತ ಗೆದ್ದ, ಕೊನೆಗೆ ಜೀರೊವನ್ನೂ 52 ಸೆಕೆಂಡಿನಿಂದ ಗೆದ್ದ. 2010ರ ವುವೆಲ್ತಾ (ಸ್ಪೇನಿನದ್ದು), 2013ರ ಜೀರೊ ಸೇರಿಸಿದರೆ ಮೂರೂ ದೊಡ್ಡ ಟೂರ್. ಇಟಲಿಯವರಲ್ಲಿ ಅವನಿಗೆ ಮೊದಲು ಇದನ್ನು ಮಾಡಿದವನು ಜಿಮೊಂಡಿ ಒಬ್ಬನೇ.

ಘಾಟಿಗಾಳಿ
ಬೂಮ್ ವಿಷಯ ಒಪ್ಪಿದೆ, ತಪ್ಪಾಯಿತು. ಆಗುಂಬೆಗೆ ಬರುವಾ.

ಬಿಡಬೇಕಾದ್ದು ಮೊದಲು: ಅವನ ಲೈನ್. ರೇಸಲ್ಲಿ ರಸ್ತೆ ಮುಚ್ಚಿರುತ್ತದೆ. ಹೊರ ಅಂಚಿನಿಂದ ಒಳ ಅಂಚಿಗೆ, ಮತ್ತೆ ಹೊರಕ್ಕೆ, ಇಡೀ ಅಗಲ ಅವನದ್ದು. ನಮಗೆ ಇರುವುದು ಎಡಗಡೆಯ ಅರ್ಧ, ಅದೂ ಪೂರ್ತಿ ಅಲ್ಲ: ಸೋಮೇಶ್ವರದಿಂದ ಹತ್ತುವ ಬಸ್ಸಿಗೆ ತಿರುವಲ್ಲಿ ರಸ್ತೆಯೇ ಸಾಲುವುದಿಲ್ಲ. ಬಲ ತಿರುವಲ್ಲಿ ಮಧ್ಯದ ಗೆರೆಯನ್ನು ತಲೆ ಕೂಡ ದಾಟಬಾರದು, ಚಕ್ರ ಒಳಗಿದ್ದು ಮೈ ಹೊರಗೆ ವಾಲಿದರೂ ಕಥೆ ಮುಗಿಯಿತು.

ಹೊಂದುವುದು: ಕೈ ಡ್ರಾಪ್ಸ್‌ನಲ್ಲಿ (ಹ್ಯಾಂಡಲಿನ ಕೆಳಗೆ ಬಾಗಿದ ಭಾಗ), ಹೊರಗಿನ ಕಾಲು ಕೆಳಗೆ, ಭಾರ ಆ ಪೆಡಲಿನ ಮೇಲೆ, ಕಣ್ಣು ತಿರುವಿನ ಕೊನೆಗೆ. ಬ್ರೇಕ್ ಎಲ್ಲ ನೇರ ರಸ್ತೆಯಲ್ಲೇ ಮುಗಿಸಿ, ವಾಲುವಾಗ ಬಿಡಿ. ಒದ್ದೆಯಲ್ಲಿ ವಾಲಿಕೊಂಡೇ ಮುಂದಿನ ಬ್ರೇಕ್ ಒತ್ತಿದರೆ ಮುಂದಿನ ಚಕ್ರ ಜಾರುತ್ತದೆ, ಅದನ್ನು ಹಿಡಿಯಲಿಕ್ಕೆ ಸಮಯ ಸಿಗುವುದಿಲ್ಲ. ರಿಮ್ ಬ್ರೇಕಿಗೆ ಇನ್ನೊಂದು ತಾಪತ್ರಯ: ಪ್ಯಾಡ್ ಮೊದಲು ನೀರು ಒರೆಸಬೇಕು, ಆಮೇಲೆ ಹಿಡಿತ. ಹಾಗಾಗಿ ತಿರುವಿಗೆ 30–40 ಮೀಟರ್ ಮೊದಲೇ ಹಗುರವಾಗಿ ತಾಗಿಸಿ, ನಂತರ ಗಟ್ಟಿ ಹಿಡಿಯಿರಿ. ಮೇಲಿಂದ ಕೆಳಗಿನವರೆಗೆ ಒತ್ತಿಕೊಂಡೇ ಇಳಿಯಬೇಡಿ. ಒಣ ದಿನ ಹಾಗೆ ಮಾಡಿದರೆ ರಿಮ್ ಕಾದು ಟ್ಯೂಬ್ ಒಡೆಯುವುದೂ ಉಂಟು.

ಗಾಳಿ: ಟೈರ್ ಪಕ್ಕದಲ್ಲಿ ಬರೆದ 110–120 ಪಿಎಸ್ಐ ಗರಿಷ್ಠ ಮಿತಿ, ಅಷ್ಟು ತುಂಬಿಸಬೇಕೆಂದಲ್ಲ. 72 ಕಿಲೋಗೆ, 25 ಎಂಎಂಗೆ, ಮಳೆಯಲ್ಲಿ ಮುಂದೆ 75, ಹಿಂದೆ 80 ಸಾಕು. ಇನ್ನೂ ತೀರಾ ಇಳಿಸಿದರೆ ಹೆಬ್ರಿ ರಸ್ತೆಯ ಹೊಂಡಕ್ಕೆ ರಿಮ್ ಬಡಿದು ಟ್ಯೂಬಲ್ಲಿ ಜೋಡಿ ತೂತು.

ಮಲ್ಪೆ ಪೆಡಲ್
ಉಪಕಾರ ಇಬ್ಬರಿಗೂ. ಅವನ ಅಡ್ಡಹೆಸರು ಮೆಸ್ಸೀನಾ ಜಲಸಂಧಿಯ ತಾಟೆ (ಶಾರ್ಕ್) ಅಂತ, ನಮ್ಮ ಬಂದರಿನವರಿಗೆ ಹತ್ತಿರದವನೇ! 28 ಎಂಎಂ ಹಾಕಿದರೆ ಹೇಗೆ?

ಸಾಣೂರು ಸ್ಪೋಕ್
ಹಾಕಬಹುದು, ಮೊದಲು ಜಾಗ ಅಳೆಯಿರಿ. ಫೋರ್ಕ್ ಮತ್ತು ಬ್ರೇಕ್ ಕ್ಯಾಲಿಪರ್ ಅಡಿಯಲ್ಲಿ ಟೈರಿಗೆ ಸುತ್ತಲೂ 4 ಎಂಎಂ ಬಿಡುವು ಇರಲಿ, ಇಲ್ಲದಿದ್ದರೆ ಘಾಟಿಯ ಕೆಸರು, ಎಲೆ ಸಿಕ್ಕಿ ಉಜ್ಜುತ್ತದೆ. ಹಳೆಯ ಕ್ಯಾಲಿಪರ್‌ಗಳಲ್ಲಿ ಹೆಚ್ಚಾಗಿ 25 ಎಂಎಂಗೇ ಮುಗಿಯಿತು. ಹಿಡಿಸಿದರೆ ಒತ್ತಡ 65–70ಕ್ಕೆ ಇಳಿಸಿ.

ಪ್ಯಾಡ್ ಬಿಚ್ಚಿ ನೋಡಿ. ರಬ್ಬರಿನಲ್ಲಿ ಹೊಳೆಯುವ ಚೂರು ಕಂಡರೆ ಅದು ರಿಮ್ಮಿನದೇ ಅಲ್ಯೂಮಿನಿಯಂ. ಸೂಜಿಯಿಂದ ಕಿತ್ತು, ಮೇಲ್ಮೈಯನ್ನು ಮರಳು ಕಾಗದದಲ್ಲಿ ತಿಕ್ಕಿ. ಬಿಟ್ಟರೆ ಅದೇ ಚೂರು ರಿಮ್ಮನ್ನು ಕೆರೆಯುತ್ತದೆ. ಪ್ಯಾಡಿನ ಗೆರೆ ಸವೆದಿದ್ದರೆ ಬದಲಿಸಿ.

ಚಿವಿಲ್ಯೋ ಹೇಳಿದ ಮೇಲೆ ರಿಯೋವನ್ನೂ ಹೇಳಬೇಕು. 2016ರ ಒಲಿಂಪಿಕ್ಸಲ್ಲಿ ಇದೇ ನಿಬಾಲಿ ಮುಂದಿನ ಮೂವರಲ್ಲಿದ್ದ, ಕೊನೆಯ ಇಳಿಜಾರಲ್ಲಿ ಬಿದ್ದು ಕೊರಳೆಲುಬು ಮುರಿದುಕೊಂಡ. ಜೊತೆಗಿದ್ದ ಹೆನಾವೋ ಕೂಡ ಬಿದ್ದ. ರಸ್ತೆ ಮುಚ್ಚಿತ್ತು, ಎದುರಿಂದ ಬಸ್ಸು ಬರುತ್ತಿರಲಿಲ್ಲ.