ಅಪ್‌ಡೇಟ್: ವೆಲ್‌ಫೇರ್ ಆಫೀಸರ್ ಚುನಾವಣೆ ಮುಗೀತು

ಹೋದ ಸಲ ಕೇಳಿದ್ದು ಇಷ್ಟು: ನಮ್ಮ ವಿದ್ಯಾರ್ಥಿ ಸಂಘದ ವೆಲ್‌ಫೇರ್ ಆಫೀಸರ್ (ವಿದ್ಯಾರ್ಥಿಗಳ ಕಷ್ಟ-ಸುಖ ಕೇಳೋ ಪದಾಧಿಕಾರಿ) ಹುದ್ದೆಗೆ ಒಬ್ಬಳೇ ನಾಮಪತ್ರ ಹಾಕಿದ್ದಾಳೆ, ಅವಿರೋಧ ಆಯ್ಕೆ ಅಂತ ಘೋಷಿಸಿಬಿಡೋದಾ, ಇಲ್ಲಾ ಮತದಾನ ನಡೆಸಬೇಕಾ? 'ಒಬ್ಬರೇ ಇದ್ರೂ ಮತ ಹಾಕಿಸಿ' ಅಂದವರ ಮಾತು ಕೇಳಿದೆ.

ಮತಪತ್ರದಲ್ಲಿ ಅವಳ ಹೆಸರಿನ ಕೆಳಗೆ 'ಮತ್ತೆ ನಾಮಪತ್ರ ಕರೆಯಿರಿ' ಅನ್ನೋ ಆಯ್ಕೆಯನ್ನೂ ಇಟ್ಟೆವು. ಅದಕ್ಕೇ ಹೆಚ್ಚು ಮತ ಬಿದ್ರೆ ಹುದ್ದೆ ಖಾಲಿ, ಎಲ್ಲಾ ಮೊದಲಿಂದ ಶುರು. ಕೈ ಎತ್ತಿಸೋದು ಬೇಡ ಅಂತ ನಾನೇ ಹಠ ಹಿಡಿದೆ. ಎಲ್ಲರಿಗೂ ಎಲ್ಲರೂ ಗೊತ್ತಿರೋ ಕಡೆ, ಎದುರಿಗೇ ಕೂತವಳನ್ನ ಬೇಡ ಅನ್ನೋಕೆ ಯಾರಿಗೆ ಧೈರ್ಯ? ಗುಪ್ತ ಮತದಾನ ಆಯ್ತು, ಆರಾಮಾಗಿ ಗೆದ್ದಳು. ಏಳು ಜನ ಬೇಡ ಅಂದಿದ್ರು, ಅದೂ ಒಳ್ಳೆಯದೇ.

ನಿಜವಾಗಿ ಉಪಯೋಗಕ್ಕೆ ಬಂದದ್ದು ಮತಕ್ಕಿಂತ ಮುಂಚಿನ ಪ್ರಶ್ನೋತ್ತರ. 'ನಡುರಾತ್ರಿ ಯಾರಾದ್ರೂ ಅಳ್ತಾ ಫೋನ್ ಮಾಡಿದ್ರೆ ಏನ್ಮಾಡ್ತೀಯ?' ಅಂತ ಒಬ್ಬ ಕೇಳಿದ. ಅವಳಂದಳು: 'ನಾನು ಕೌನ್ಸೆಲರ್ ಅಲ್ಲ. ಕೇಳಿಸ್ಕೊತೀನಿ, ವಿಶ್ವವಿದ್ಯಾಲಯದ ಕೌನ್ಸೆಲಿಂಗ್ ವಿಭಾಗಕ್ಕೆ ದಾರಿ ತೋರಿಸ್ತೀನಿ. ಜೀವಕ್ಕೆ ಅಪಾಯ ಅನ್ನಿಸಿದ್ರೆ ಮಾತ್ರ ಗುಟ್ಟು ಅಂತ ಸುಮ್ಮನೆ ಕೂರಲ್ಲ, ತುರ್ತು ಸೇವೆಗೆ ಹೇಳ್ತೀನಿ.' ನನ್ನ ಮತ ಅಲ್ಲೇ ನಿರ್ಧಾರ ಆಯ್ತು.

ಅಧಿಕಾರ ಹಸ್ತಾಂತರದ ದಿನ ಒಂದು ಎಡವಟ್ಟು ಬಯಲಾಯ್ತು. ವೆಲ್‌ಫೇರ್ ಇಮೇಲ್‌ನ ಪಾಸ್‌ವರ್ಡ್ ಇಡೀ ಸಮಿತಿಯ ಹತ್ರ ಇತ್ತು! ಇಷ್ಟು ದಿನ 'ಗೌಪ್ಯ' ಅಂತ ಬರೆದವರ ಗತಿ? ತಕ್ಷಣ ಬದಲಾಯಿಸಿದೆವು, ಈಗ ಅವಳೊಬ್ಬಳಿಗೇ ಗೊತ್ತು.

ಇನ್ನೊಂದು ಬಾಕಿ ಇದೆ: ದೂರು ಅವಳ ಮೇಲೇ ಬಂದ್ರೆ ಯಾರ ಹತ್ರ ಹೋಗ್ಬೇಕು? ಸಂಘದ ನಿಯಮಾವಳಿಯಲ್ಲಿ ಆ ಸಾಲೇ ಇಲ್ಲ. ಮುಂದಿನ ಸಭೆಗೆ ತಿದ್ದುಪಡಿ ಬರೀತಿದ್ದೀನಿ.