ಎಡಿಸನ್‌ನಿಂದ ರಾಲಿಗೆ: ಯಾವ ಊರು, ಯಾವ ಶಾಲೆ? ಅನುಭವ ಇದ್ದವರು ಹೇಳಿ

ನಮಸ್ಕಾರ. ಎಂಟು ವರ್ಷದಿಂದ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಯಜಮಾನರಿಗೆ ನಾರ್ತ್ ಕ್ಯಾರೊಲೈನಾದ ರಾಲಿಯಲ್ಲಿ ಕೆಲಸ ಸಿಕ್ಕಿದೆ, ಜೂನ್ ಕೊನೆಗೆ ಹೊರಡಬೇಕು. ಮಗಳು ಈ ವರ್ಷ ಆರನೇ ಕ್ಲಾಸಿಗೆ ಸೇರಬೇಕು. ಮಗನಿಗೆ ಸೆಪ್ಟೆಂಬರ್ 12ಕ್ಕೆ ಐದು ತುಂಬುತ್ತದೆ. ಕೆಲವರು ಕ್ಯಾರಿ ಅನ್ನುತ್ತಾರೆ, ಕೆಲವರು ಮೋರಿಸ್‌ವಿಲ್, ಏಪೆಕ್ಸ್. ಯಾವ ಊರಿನ ಶಾಲೆ ಒಳ್ಳೆಯದು? ಬಂದ ತಕ್ಷಣ ಮನೆ ಕೊಳ್ಳುವುದೋ, ಬಾಡಿಗೆಗೆ ಇರುವುದೋ?

ಕ್ಯಾರಿಯಿಂದ, 2012ರಲ್ಲಿ ಬಂದವಳು

ಅಕ್ಕ, "ಯಾವ ಊರಿನ ಶಾಲೆ" ಅನ್ನುವ ಪ್ರಶ್ನೆಯನ್ನೇ ಮೊದಲು ಬಿಟ್ಟುಬಿಡಿ. ನಿಮ್ಮಲ್ಲಿ ಹೆಚ್ಚಾಗಿ ಊರಿಗೊಂದು ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ. ಇಲ್ಲಿ ರಾಲಿ, ಕ್ಯಾರಿ, ಮೋರಿಸ್‌ವಿಲ್, ಏಪೆಕ್ಸ್, ಹಾಲಿ ಸ್ಪ್ರಿಂಗ್ಸ್ ಎಲ್ಲಕ್ಕೂ ವೇಕ್ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಒಂದೇ ಡಿಸ್ಟ್ರಿಕ್ಟ್. 1976ರಲ್ಲಿ ನಗರದ ಶಾಲೆಗಳನ್ನೂ ಕೌಂಟಿಯ ಶಾಲೆಗಳನ್ನೂ ಒಂದು ಮಾಡಿದರು. ಈಗ ಸುಮಾರು 1,60,000 ಮಕ್ಕಳು ಓದುತ್ತಾರೆ. ಮಗು ಎಲ್ಲಿಗೆ ಹೋಗಬೇಕು ಅನ್ನುವುದು ಮನೆಯ ವಿಳಾಸದ ಮೇಲೆ ತೀರ್ಮಾನವಾಗುತ್ತದೆ. ವಿಳಾಸ ಇದ್ದರೂ ಆ ಶಾಲೆಯಲ್ಲಿ ಜಾಗ ಇರಬೇಕು.

ಜಾಗಕ್ಕೆ ಯಾಕಿಷ್ಟು ಪರದಾಟ ಅಂದರೆ, 2010ರ ಜನಗಣತಿಯಲ್ಲಿ ವೇಕ್ ಕೌಂಟಿಯಲ್ಲಿ 9,00,993 ಜನ ಇದ್ದರು, 2020ರಲ್ಲಿ 11,29,410. ಲೆಕ್ಕ ಹಾಕಿದರೆ ದಿನಕ್ಕೆ ಅರವತ್ತಕ್ಕೂ ಹೆಚ್ಚು ಜನ, ಹತ್ತು ವರ್ಷ ಒಂದೇ ಸಮನೆ. ಷಾರ್ಲೆಟ್ ಇರುವ ಮೆಕ್ಲೆನ್‌ಬರ್ಗ್ ಕೌಂಟಿಯನ್ನೂ ಹಿಂದೆ ಹಾಕಿ ಇದು ರಾಜ್ಯದ ಅತಿ ದೊಡ್ಡ ಕೌಂಟಿ ಆಯಿತು. ಏಪೆಕ್ಸ್ ಒಂದೇ 37,476ರಿಂದ 58,780ಕ್ಕೆ ಏರಿತು. ನಾವು ಬಂದಾಗ ನಮ್ಮ ಬಡಾವಣೆಯ ಹಿಂದೆ ತಂಬಾಕು ಒಣಗಿಸುತ್ತಿದ್ದ ಹಳೆಯ ಮರದ ಕೊಟ್ಟಿಗೆಯೊಂದಿತ್ತು. ಈಗ ಅಲ್ಲಿ ಸಾಲು ಮನೆಗಳು.

ನಮಗಾದದ್ದು ಹೇಳುತ್ತೇನೆ. ಮನೆ ತೋರಿಸಿದ ಬಿಲ್ಡರ್ ಕಡೆಯವರು ಕಿಟಕಿಯಿಂದ ಕೈ ತೋರಿಸಿ, "ಆ ಪೈನ್ ಮರಗಳ ಆಚೆಯೇ ಶಾಲೆ, ಮಕ್ಕಳು ನಡೆದು ಹೋಗಬಹುದು" ಅಂದರು. ನಂಬಿ ಸಹಿ ಹಾಕಿದೆವು. ಸೇರಿಸಲು ಹೋದಾಗ ಗೊತ್ತಾಯಿತು, ಆ ಶಾಲೆ "ಕ್ಯಾಪ್" ಆಗಿದೆ. ಅಂದರೆ ಭರ್ತಿ, ಹೊಸದಾಗಿ ಬಂದವರಿಗೆ ಜಾಗವಿಲ್ಲ. ಮಗಳನ್ನು ಏಳು ಮೈಲಿ ದೂರದ ಓವರ್‌ಫ್ಲೋ ಶಾಲೆಗೆ, ಅಂದರೆ ಜಾಗ ಸಿಗದವರನ್ನು ಕಳಿಸುವ ಬೇರೆ ಶಾಲೆಗೆ, ಹಾಕಿದರು. ಎರಡು ವರ್ಷ ಪ್ರತಿದಿನ ಬೆಳಗ್ಗೆ ಮನೆ ಮುಂದಿನ ಶಾಲೆಯ ಗಂಟೆ ಕೇಳಿಸಿಕೊಂಡೇ ಬೇರೆ ಶಾಲೆಯ ಬಸ್ಸಿಗೆ ಕಾಯುತ್ತಿದ್ದಳು. ಆ ಸಂಕಟ ನಿಮಗೆ ಬೇಡ. ಮೊದಲ ವರ್ಷ ಬಾಡಿಗೆಗೇ ಇರಿ. ಅದಕ್ಕೂ ಕರಾರಿಗೆ ಮುಂಚೆ ಮನೆಯ ಪೂರ್ತಿ ವಿಳಾಸವನ್ನು ಡಿಸ್ಟ್ರಿಕ್ಟ್‌ನ ತಾಣದಲ್ಲಿ ಹಾಕಿ ನೋಡಿ. ಕ್ಯಾಪ್ ಆದ ಶಾಲೆಗಳ ಪಟ್ಟಿ ವರ್ಷ ವರ್ಷ ಬದಲಾಗುತ್ತದೆ, ಗೆಳೆಯರ ಹೋದ ವರ್ಷದ ಮಾಹಿತಿಯನ್ನು ನೆಚ್ಚಬೇಡಿ.

ಮೋರಿಸ್‌ವಿಲ್‌ನಿಂದ, ಇಬ್ಬರು ಮಕ್ಕಳ ಅಪ್ಪ

ಮೇಡಂ, ಜೂನ್ ಕೊನೆ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಬಹಳ ಶಾಲೆಗಳು ಇಯರ್-ರೌಂಡ್, ಜುಲೈ ಮೊದಲಲ್ಲೇ ಶುರುವಾಗುತ್ತವೆ. ಮನೆ ಸಾಮಾನು ಬಿಚ್ಚುವಷ್ಟರಲ್ಲಿ ಮಗಳ ಕ್ಲಾಸ್ ಶುರುವಾಗಿರುತ್ತದೆ.

ಸುಮಾರು 45 ದಿನ ಪಾಠ, 15 ದಿನ ರಜೆ, ಹೀಗೆ ವರ್ಷವಿಡೀ ಸುತ್ತುತ್ತದೆ. ಮಕ್ಕಳನ್ನು ನಾಲ್ಕು ಟ್ರ್ಯಾಕ್, ಅಂದರೆ ಗುಂಪು, ಮಾಡಿರುತ್ತಾರೆ, ಯಾವಾಗಲೂ ಒಂದು ಟ್ರ್ಯಾಕ್ ರಜೆಯಲ್ಲಿರುತ್ತದೆ. ಮೂರು ಗುಂಪು ಹಿಡಿಸುವ ಕಟ್ಟಡದಲ್ಲಿ ನಾಲ್ಕು ಗುಂಪು ಓದುತ್ತವೆ. ಜನ ಬಂದಷ್ಟು ಬೇಗ ಕಟ್ಟಡ ಏಳುವುದಿಲ್ಲವಲ್ಲ. 2018ರಲ್ಲಿ 54.8 ಕೋಟಿ ಡಾಲರ್, 2022ರಲ್ಲಿ 53 ಕೋಟಿಗೂ ಹೆಚ್ಚು, ಶಾಲೆಗಳಿಗೆಂದೇ ಸಾಲ ಎತ್ತುವ ಬಾಂಡ್‌ಗೆ ಜನ ಓಟು ಹಾಕಿ ಒಪ್ಪಿಗೆ ಕೊಟ್ಟರು. ಆದರೂ ಮಗ ಮೂರನೇ ಕ್ಲಾಸ್ ಪೂರ್ತಿ ಟ್ರೈಲರ್‌ನಲ್ಲಿ, ಅಂದರೆ ಶಾಲೆಯ ಹೊರಗೆ ತಂದಿಟ್ಟ ತಾತ್ಕಾಲಿಕ ಕೊಠಡಿಯಲ್ಲಿ, ಓದಿದ. ಮಳೆ ಬಂದರೆ ಟಾಯ್ಲೆಟ್‌ಗೆ ಹೋಗಲು ಜಾಕೆಟ್ ಹಾಕಿಕೊಂಡು ಮುಖ್ಯ ಕಟ್ಟಡಕ್ಕೆ ಓಡಬೇಕಿತ್ತು. ಪಾಠದಲ್ಲಿ ಮಾತ್ರ ಕೊರತೆ ಕಾಣಲಿಲ್ಲ, ಅವನ ಟೀಚರ್ ಬಂಗಾರದಂಥವರು.

ಇಯರ್-ರೌಂಡ್ ಅಂದರೆ ಹೆದರಬೇಡಿ. ಮೂರು ವಾರದ ಟ್ರ್ಯಾಕ್ ಔಟ್ ರಜೆಯಲ್ಲಿ ನಾವು ಅಕ್ಟೋಬರ್‌ನಲ್ಲಿ ಊರಿಗೆ ಹೋಗಿಬಂದೆವು. ಬೆಂಗಳೂರಿನ ಟಿಕೆಟ್ ಬೇಸಿಗೆಗಿಂತ ಬಹಳ ಕಡಿಮೆ ಇತ್ತು, ಮಕ್ಕಳು ಮೊದಲ ಸಲ ಅಜ್ಜಿ ಮನೆಯಲ್ಲಿ ದಸರಾ ಗೊಂಬೆ ನೋಡಿದರು. ಆದರೆ ಇಬ್ಬರೂ ದುಡಿಯುವವರಾದರೆ ಪ್ರತಿ ರಜೆಗೂ ಕ್ಯಾಂಪ್ ಖರ್ಚು ಬರುತ್ತದೆ. ಎಲ್ಲರೂ ಕೇಳುವುದು ಟ್ರ್ಯಾಕ್ 4, ಮಾಮೂಲು ಬೇಸಿಗೆ ರಜೆಗೆ ಹತ್ತಿರ ಅಂತ. ತಡವಾಗಿ ಬಂದವರಿಗೆ ಅದು ಸಿಗುವುದು ಕಷ್ಟ.

ನಮ್ಮವರ ವಿಷಯ: ಮೋರಿಸ್‌ವಿಲ್‌ನಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನ ಏಷ್ಯಾ ಮೂಲದವರು. ಚರ್ಚ್ ಸ್ಟ್ರೀಟ್ ಪಾರ್ಕ್‌ನಲ್ಲಿ ಕ್ರಿಕೆಟ್ ಮೈದಾನವಿದೆ, 2023ರಲ್ಲಿ ಮೇಜರ್ ಲೀಗ್ ಕ್ರಿಕೆಟ್‌ನ ಕೆಲವು ಪಂದ್ಯಗಳು ಅಲ್ಲಿ ನಡೆದವು. ಮಗಳಿಗೆ ಒಂಟಿತನ ಕಾಡುವುದಿಲ್ಲ.

ಕ್ಲೇಟನ್‌ನಿಂದ

ಅಕ್ಕಾರ, ನಾವು ಧಾರವಾಡದವ್ರು. ಕ್ಲೇಟನ್ ಇರೋದು ಜಾನ್‌ಸ್ಟನ್ ಕೌಂಟಿಯೊಳಗ, ಡಿಸ್ಟ್ರಿಕ್ಟ್ ಬ್ಯಾರೆ. ಅದೇ ರೊಕ್ಕಕ್ಕ ಇಲ್ಲಿ ದೊಡ್ಡ ಮನಿ ಸಿಗ್ತದ. ಆದ್ರ ಈ ಕೌಂಟಿಯೊಳಗೂ ಮಂದಿ ತುಂಬಾಕತ್ತಾರ, 2010ರಾಗ 1,68,878 ಇದ್ದದ್ದು 2020ಕ್ಕ 2,15,999 ಆಗೇದ. ಕ್ಯಾರಿಯ ವೆಂಕಟೇಶ್ವರ ಗುಡಿಗೆ ಹೋಗಿ ಬರೋದ್ರಾಗ ಅರ್ಧ ದಿನ ಹೋಗ್ತದ. ಯಜಮಾನ್ರ ಆಫೀಸು ಕಂಪನಿಗೋಳು ತುಂಬಿರೋ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನಾಗ ಇದ್ರ ಈ ಕಡೆ ಬರಬ್ಯಾಡ್ರಿ, ಮುಂಜಾನಿ ಟ್ರಾಫಿಕ್ಕಿನಾಗ ಜೀವ ಸಾಕಾಗ್ತದ.

ರಾಲಿಯಿಂದ, ಬದಲಿ ಶಿಕ್ಷಕಿ

ಮಗನ ವಿಷಯ ಯಾರೂ ಹೇಳಲಿಲ್ಲ. ಇಲ್ಲಿ ಕಿಂಡರ್‌ಗಾರ್ಟನ್‌ಗೆ ಆಗಸ್ಟ್ 31ರೊಳಗೆ ಐದು ತುಂಬಿರಬೇಕು. ನ್ಯೂಜೆರ್ಸಿಯಲ್ಲಿ ಹೆಚ್ಚಿನ ಕಡೆ ಅಕ್ಟೋಬರ್ 1ರ ಲೆಕ್ಕ, ಅಲ್ಲೇ ಇದ್ದಿದ್ದರೆ ಈ ವರ್ಷ ಬಹುಶಃ ಸೇರುತ್ತಿದ್ದ. ಬೇರೆ ರಾಜ್ಯದಲ್ಲಿ ಕಾನೂನು ಪ್ರಕಾರ ಆಗಲೇ ಶಾಲೆ ಶುರು ಮಾಡಿದ ಮಗುವನ್ನು ಇಲ್ಲಿ ತೆಗೆದುಕೊಳ್ಳುತ್ತಾರೆ, ಆದರೆ ನಿಮ್ಮ ಮಗ ಇನ್ನೂ ಶುರು ಮಾಡಿಲ್ಲ. ಹನ್ನೆರಡು ದಿನಕ್ಕೆ ಒಂದು ವರ್ಷ ಹಿಂದೆ ಬೀಳುತ್ತಾನೆ. ಖಾಸಗಿ ಪ್ರಿ-ಕೆ (ಕಿಂಡರ್‌ಗಾರ್ಟನ್‌ಗೆ ಮುಂಚಿನ ತರಗತಿ) ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಮಗಳಿಗೆ ಇದು ಒಳ್ಳೆಯ ಸಮಯ. ಮಿಡಲ್ ಸ್ಕೂಲ್ ಆರನೇ ಕ್ಲಾಸಿನಿಂದ ಶುರು, ಎಲ್ಲ ಮಕ್ಕಳೂ ಹೊಸಬರೇ. ಅಲ್ಲಿನ ಪರೀಕ್ಷೆಯ ಅಂಕಗಳನ್ನೆಲ್ಲ ಕಾಗದದಲ್ಲಿ ತನ್ನಿ. ವರ್ಷಾಂತ್ಯದ ರಾಜ್ಯ ಪರೀಕ್ಷೆಯಲ್ಲಿ ಅತಿ ಮೇಲಿನ ಹಂತ, ಲೆವೆಲ್ 5, ಪಡೆದ ಮಗುವಿಗೆ ಮುಂದುವರಿದ ಗಣಿತ ಕೊಡಲೇಬೇಕೆಂದು 2018ರಲ್ಲಿ ಕಾನೂನಾಯಿತು. ಹೊರಗಿನಿಂದ ಬಂದವಳ ಹತ್ತಿರ ಆ ಅಂಕ ಇರುವುದಿಲ್ಲ, ನೀವೇ ಹೋಗಿ ಕೌನ್ಸೆಲರ್ ಹತ್ತಿರ ಕೂತು ಮಾತಾಡಬೇಕು. ಆರೋಗ್ಯ ತಪಾಸಣೆ ಫಾರಂಗೆ 30 ದಿನ ಗಡುವು, ಬಂದ ವಾರವೇ ಡಾಕ್ಟರ್ ಅಪಾಯಿಂಟ್‌ಮೆಂಟ್ ಹಿಡಿಯಿರಿ.

ನಾನು ತಿಂಗಳಿಗೆ ಆರೇಳು ಶಾಲೆ ಸುತ್ತುತ್ತೇನೆ, ಕಂಡದ್ದನ್ನು ಹೇಳುತ್ತೇನೆ. ಕೌಂಟಿಗೆ ಜನ ಬರುತ್ತಲೇ ಇದ್ದಾರೆ, ಆದರೆ ಕೋವಿಡ್ ನಂತರ ಸರ್ಕಾರಿ ಶಾಲೆಯ ಮಕ್ಕಳ ಒಟ್ಟು ಸಂಖ್ಯೆ ಆ 1,60,000ದ ಸುತ್ತಲೇ ನಿಂತಿದೆ. ಹುಟ್ಟುವ ಮಕ್ಕಳು ಕಡಿಮೆ. 2011ರಲ್ಲಿ ರಾಜ್ಯವು ಚಾರ್ಟರ್ ಶಾಲೆಗಳ (ಸರ್ಕಾರದ ಹಣದಲ್ಲಿ, ಡಿಸ್ಟ್ರಿಕ್ಟ್‌ನ ಹೊರಗೆ ನಡೆಯುವ ಶಾಲೆಗಳು) ನೂರರ ಮಿತಿ ತೆಗೆದ ಮೇಲೆ ಬಹಳ ಮಕ್ಕಳು ಆ ಕಡೆ ಹೋದರು. ಹಾಗಾಗಿ ಕೌಂಟಿಯ ಪಶ್ಚಿಮದ ಅಂಚಿನಲ್ಲಿ ಟ್ರೈಲರ್, ಹಳೇ ರಾಲಿಯ ಕೆಲವು ಶಾಲೆಗಳಲ್ಲಿ ಖಾಲಿ ಬೆಂಚು. ನಮ್ಮವರು ಆ ಕಡೆ ತಿರುಗಿಯೂ ನೋಡುವುದಿಲ್ಲ, ನನಗೆ ಅದು ಬೇಸರ. ದೂರದ ಮಕ್ಕಳನ್ನು ಸೆಳೆಯಲೆಂದೇ 1982ರಿಂದ ಅಲ್ಲಿ ವಿಶೇಷ ವಿಷಯಗಳನ್ನು ಕಲಿಸುವ ಮ್ಯಾಗ್ನೆಟ್ ಶಾಲೆಗಳಿವೆ. ಒಂದರಲ್ಲಿ ಆರನೇ ಕ್ಲಾಸಿನ ಮಕ್ಕಳು ಪಿಟೀಲು ಹಿಡಿದು ಸಾಲಾಗಿ ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಈ ವರ್ಷದ ಅರ್ಜಿ ಮುಗಿದಿರುತ್ತದೆ, ಮುಂದಿನ ವರ್ಷಕ್ಕೆ ಖಂಡಿತ ಹಾಕಿ.

ಕೇಳಿದವರು

ಎಲ್ಲರಿಗೂ ಕೈ ಮುಗಿಯುತ್ತೇನೆ. ಆಗಸ್ಟ್ 31ರ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಮನೆ ಕೊಳ್ಳುವ ಮಾತು ನಿಲ್ಲಿಸಿದ್ದೇವೆ. ನೋಡಿಟ್ಟಿದ್ದ ಮೂರು ಬಾಡಿಗೆ ಮನೆಗಳ ವಿಳಾಸ ಹಾಕಿ ನೋಡಿದೆ, ಎರಡಕ್ಕೆ ಬಂದ ಶಾಲೆ ಕ್ಯಾಪ್ ಆಗಿದೆ. ಮೂರನೆಯದು ಇಯರ್-ರೌಂಡ್, ಜಾಗ ಇದೆಯಂತೆ. ನಾಳೆ ಬೆಳಗ್ಗೆ ಆ ಮನೆಯವರಿಗೆ ಫೋನ್ ಮಾಡುತ್ತೇನೆ.